ಓದದೇ ಉಳಿದದ್ದರ ಲೆಕ್ಕ: ಒಂದು ಫೀಡ್ ಆ್ಯಪ್ ಹೊಸದಾದಾಗ

"ಎಂತ ಮಾರಾಯ ಇದು, ನಂಬರ್ ಎಲ್ಲಿ ಹೋಯ್ತು?"

2024ರ ದೀಪಾವಳಿಗೆ ಸಾಗರದ ಮನೆಗೆ ಹೋಗಿದ್ದೆ. ಚಿಕ್ಕಪ್ಪ ಜಗಲಿಯಲ್ಲಿ ಐಪ್ಯಾಡ್ ಹಿಡಿದು ಕೂತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೆಳಗಿನ ಕಾಫಿ ಮುಗಿಸಿ ಒಂದು ಗಂಟೆ ಫೀಡ್ ಓದುವುದು ಅವರ ರೂಢಿ. ಫೀಡ್ ಎಂದರೆ ಒಂದು ತಾಣದ ಹೊಸ ಬರಹಗಳ ಪಟ್ಟಿ, ಆ್ಯಪ್ ಅದನ್ನು ತಾನಾಗಿ ತಂದು ತೋರಿಸುತ್ತದೆ. ಈ ಚಟ ಹತ್ತಿಸಿದವನು ನಾನೇ. ಹಾಗಾಗಿ ಏನೇ ತಕರಾರಿದ್ದರೂ ನನ್ನ ಹತ್ತಿರವೇ ಬರುತ್ತದೆ.

"ಹೊಸ ಆ್ಯಪಿನಲ್ಲಿ ಓದದೇ ಉಳಿದಿದ್ದರ ನಂಬರ್ ಇಲ್ಲ ಚಿಕ್ಕಪ್ಪ. ಬೇಕಂತಲೇ ತೆಗೆದಿದ್ದಾರೆ."

"ತೆಗೆದ್ರೆ ಓದಿದ್ದು ಯಾವ್ದು, ಬಿಟ್ಟಿದ್ದು ಯಾವ್ದು ಅಂತ ಹೆಂಗೆ ಗೊತ್ತಾಗ್ತದೆ?"

"ನೀವು ಎಲ್ಲಿ ನಿಲ್ಲಿಸಿದ್ರೋ ಅಲ್ಲಿಂದ ಮೇಲಿರೋದೆಲ್ಲ ಹೊಸದು."

ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಜರ್ ಬರೆದವರಿಗೆ 'ಲೆಕ್ಕ ಇಲ್ಲ' ಅನ್ನುವುದು ಉತ್ತರವೇ ಅಲ್ಲ.

ಆ್ಯಪ್‌ಗಳನ್ನು ಬಿಡುಗಡೆಗೆ ಮುಂಚೆ ಬಳಸಿ ನೋಡಿ, ಜನ ಎಲ್ಲಿ ಎಡವುತ್ತಾರೆ ಎಂದು ಹೇಳುವುದು ನನ್ನ ಹೊಟ್ಟೆಪಾಡು. ರಜೆಯಲ್ಲೂ ಅದೇ ಕೆಲಸ ಅಂಟಿಕೊಂಡಿತು. ಹಳೆಯದನ್ನೂ ಹೊಸದನ್ನೂ ಅವರ ಐಪ್ಯಾಡಿನಲ್ಲಿ, ನನ್ನ ಫೋನಿನಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಕೆಲವು ವಾರ ನೋಡಿದೆವು. ಅದರ ವರದಿ ಇದು.

ಆ್ಯಪಿನ ಹೆಸರು ರೀಡರ್. ಇಂಗ್ಲಿಷಿನಲ್ಲಿ Reader ಅಲ್ಲ, ಒಟ್ಟಿಗೆ ಎರಡು 'ಇ' ಹಾಕಿ Reeder ಎಂದು ಬರೆಯುತ್ತಾರೆ. ಕನ್ನಡದಲ್ಲಿ ಆ ಚಮತ್ಕಾರ ಕಾಣುವುದಿಲ್ಲ. ಹಾಗಾಗಿ ಗೂಗಲ್ ನಡೆಸುತ್ತಿದ್ದ ಫೀಡ್ ಸೇವೆ 'ಗೂಗಲ್ ರೀಡರ್' ಬೇರೆ, ಇದು ಬೇರೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇದು ಸ್ವಿಟ್ಜರ್ಲೆಂಡಿನ ಸಿಲ್ವಿಯೊ ರಿಜ್ಜಿ ಅವರು 2009ರಲ್ಲಿ ಐಫೋನಿಗೆ, 2010ರಲ್ಲಿ ಐಪ್ಯಾಡಿಗೆ ತಂದ ಆ್ಯಪ್. ಮೊದಮೊದಲು ಗೂಗಲ್ ರೀಡರ್‌ನಲ್ಲಿ ಕೂಡಿಟ್ಟ ಫೀಡುಗಳನ್ನು ಫೋನಿನಲ್ಲಿ ಓದುವುದಕ್ಕೇ ಇದನ್ನು ಬಳಸುತ್ತಿದ್ದರು. ಗೂಗಲ್ 2013ರ ಜುಲೈ 1ರಂದು ತನ್ನ ರೀಡರ್ ಮುಚ್ಚಿತು. ಆಗ ಇದರ ಐಪ್ಯಾಡ್ ಮತ್ತು ಮ್ಯಾಕ್ ಆವೃತ್ತಿಗಳು ಬೇರೆ ಸೇವೆಗಳಿಗೆ ಇನ್ನೂ ಹೊಂದಿಕೊಂಡಿರಲಿಲ್ಲ. ಆ್ಯಪ್ ಸ್ಟೋರಿನಿಂದಲೇ ಅವನ್ನು ತೆಗೆಯಬೇಕಾಯಿತು. ಅದೇ ಸೆಪ್ಟೆಂಬರಿನಲ್ಲಿ ರೀಡರ್ 2 ಬಂತು. ಆಮೇಲೆ 3, 2019ರಲ್ಲಿ 4, 2020ರಲ್ಲಿ 5.

ಒಂದು ವಿಷಯ ಇಲ್ಲಿ ತಿಳಿದಿರಬೇಕು. ಆಪಲ್‌ನ ಆ್ಯಪ್ ಸ್ಟೋರಿನಲ್ಲಿ 'ಹಳೆಯದನ್ನು ಕೊಂಡವರಿಗೆ ಹೊಸದು ಅರ್ಧ ಬೆಲೆಗೆ' ಎಂಬ ನೇರ ದಾರಿ ಇಲ್ಲ. ದೊಡ್ಡ ಬದಲಾವಣೆಗೆ ದುಡ್ಡು ಬೇಕಾದರೆ ಸಾಮಾನ್ಯವಾಗಿ ಬೇರೆ ಆ್ಯಪನ್ನೇ ಹೊರತರಬೇಕು, ಇಲ್ಲವೇ ಚಂದಾ ಹಾಕಬೇಕು. 2024ರ ಸೆಪ್ಟೆಂಬರಿನಲ್ಲಿ ರಿಜ್ಜಿ ಎರಡನ್ನೂ ಮಾಡಿದರು. ಹೊಸ ಆ್ಯಪ್ 'ರೀಡರ್' ಎಂಬ ಬರೀ ಹೆಸರು ತೆಗೆದುಕೊಂಡಿತು. ಅದಕ್ಕೆ ತಿಂಗಳಿಗೆ 1 ಡಾಲರ್ ಅಥವಾ ವರ್ಷಕ್ಕೆ 10 ಡಾಲರ್ ಚಂದಾ. ಹಳೆಯದು 'ರೀಡರ್ ಕ್ಲಾಸಿಕ್' ಆಯಿತು. ಹಿರಿ ಸೊಸೆಗೆ 'ದೊಡ್ಡವಳು' ಅಂತ ಬಿರುದು ಕೊಟ್ಟು ಅಡುಗೆಮನೆಯ ಬೀಗ ಕಿರಿಯವಳ ಕೈಗಿಟ್ಟ ಹಾಗೆ.

ತಮಾಷೆ ಇರಲಿ, ಇಡೀ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಹಳೆಯದನ್ನು ಅದರ ಪಾಡಿಗೆ ಬಿಟ್ಟರು. ಫೋನಿನಲ್ಲಿ ಇದು ಸಣ್ಣ ಮಾತಲ್ಲ. 2013ರಲ್ಲಿ ಐಫೋನ್, ಐಪ್ಯಾಡ್ ನಡೆಸುವ ತಂತ್ರಾಂಶ ಐಒಎಸ್ 7 ಬಂದ ಮೇಲೆ ಆ್ಯಪ್‌ಗಳು ತಮ್ಮಷ್ಟಕ್ಕೇ ಅಪ್‌ಡೇಟ್ ಆಗುತ್ತವೆ. ರಾತ್ರಿ ಚಾರ್ಜಿಗೆ ಹಾಕಿ ಮಲಗುತ್ತೇವೆ. ಬೆಳಿಗ್ಗೆ ಎದ್ದು ನೋಡಿದರೆ ಬಟನ್ ಜಾಗ ಬದಲಾಗಿರುತ್ತದೆ. ಕಂಪ್ಯೂಟರಿನಲ್ಲಿ ಆಗಿದ್ದರೆ 'ಈಗ ಬೇಡ' ಅನ್ನಬಹುದಿತ್ತು. ಫೋನಿನಲ್ಲಿ ಆ ಸೆಟ್ಟಿಂಗ್ ಆರಿಸಿಡದಿದ್ದರೆ ಅಪ್‌ಡೇಟ್ ಯಾರನ್ನೂ ಕೇಳುವುದಿಲ್ಲ. ಒಂದು ಬಗೆಯ ಓದನ್ನೇ ಕಿತ್ತು ಇನ್ನೊಂದನ್ನು ಇಡುವಾಗ ಅದನ್ನು ಅಪ್‌ಡೇಟಿನ ಹೆಸರಲ್ಲಿ ನುಗ್ಗಿಸಲಿಲ್ಲ, ಬೇರೆ ಆ್ಯಪ್ ಮಾಡಿದರು. ಚಿಕ್ಕಪ್ಪನ ಐಪ್ಯಾಡಿಗೂ ಹೊಸದು ತಾನಾಗಿ ಬಂದದ್ದಲ್ಲ. 'ಹೊಸದು ಬಂದಿದೆ, ನೋಡಿ' ಅಂತ ನಾನೇ ಹಾಕಿಕೊಟ್ಟಿದ್ದೆ.

ಇನ್ನು ಬದಲಾಗಿದ್ದೇನು?

ಕ್ಲಾಸಿಕ್‌ನಲ್ಲಿ ಎಡಗಡೆ ಫೀಡುಗಳ ಪಟ್ಟಿ, ಒಂದೊಂದರ ಮುಂದೆ ಓದದೇ ಉಳಿದವುಗಳ ಸಂಖ್ಯೆ. ಒಂದನ್ನು ಮುಟ್ಟಿದರೆ ಅದರ ಬರಹಗಳು, ಓದಿದ್ದು ಮಸುಕು, ಓದದ್ದು ದಟ್ಟ. ಹೊಸದರಲ್ಲಿ ಎಲ್ಲವೂ ಒಂದೇ ಟೈಮ್‌ಲೈನ್. ಬ್ಲಾಗು, ಸುದ್ದಿ, ಪಾಡ್‌ಕಾಸ್ಟ್, ಯೂಟ್ಯೂಬ್ ಚಾನೆಲ್, ಮಾಸ್ಟೊಡಾನ್, ರೆಡಿಟ್‌ನಂಥ ಸಾಮಾಜಿಕ ಜಾಲಗಳು ಎಲ್ಲ ಬಂದ ಹೊತ್ತಿನ ಕ್ರಮದಲ್ಲಿ ಒಂದರ ಮೇಲೊಂದು. ಓದಿದ, ಓದದ ಎಂಬ ಗುರುತಿಲ್ಲ. ನೀವು ಎಲ್ಲಿಯವರೆಗೆ ಸ್ಕ್ರೋಲ್ ಮಾಡಿದಿರಿ ಎಂಬುದನ್ನು ಮಾತ್ರ ಆ್ಯಪ್ ನೆನಪಿಡುತ್ತದೆ. ಆಪಲ್‌ನ ಆನ್‌ಲೈನ್ ಸೇವೆ ಐಕ್ಲೌಡ್ ಮೂಲಕ ಅದೇ ಜಾಗವನ್ನು ನಿಮ್ಮ ಬೇರೆ ಸಾಧನಗಳಿಗೂ ತಲುಪಿಸುತ್ತದೆ. ಫೀಡುಗಳನ್ನು ಕೂಡಿಡುವ ಫೀಡ್‌ಬಿನ್, ಇನೊರೀಡರ್ ಥರದ ಹೊರಗಿನ ಸೇವೆಗಳಿಗೆ ಕ್ಲಾಸಿಕ್ ಹೊಂದುತ್ತದೆ, ಹೊಸದು ಹೊಂದುವುದಿಲ್ಲ.

ಅಂಕಿಯನ್ನು ಯಾಕೆ ತೆಗೆಯಬೇಕು? ಅದು ಎಲ್ಲಿಂದ ಬಂತು ಎಂದು ನೋಡಿದರೆ ಕಾರಣ ಸಿಗುತ್ತದೆ. 2002ರಲ್ಲಿ ಬ್ರೆಂಟ್ ಸಿಮನ್ಸ್ ಮ್ಯಾಕ್‌ಗೆ ನೆಟ್‌ನ್ಯೂಸ್‌ವೈರ್ ಎಂಬ ಫೀಡ್ ಆ್ಯಪ್ ಬರೆದಾಗ ಅದಕ್ಕೆ ಮೂರು ಅಂಕಣದ ರೂಪ ಕೊಟ್ಟರು. ಅದು ಇಮೇಲ್ ಮತ್ತು ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲ ಓದುವ ಆ್ಯಪ್‌ಗಳ ರೂಪ. ಆಮೇಲೆ ಬಂದವರೆಲ್ಲ ಅದೇ ಹಾದಿ ಹಿಡಿದರು. ಆದರೆ ಇಮೇಲ್ ಅಂದರೆ ಯಾರೋ ನಿಮಗೇ ಬರೆದದ್ದು. ಓದದೇ ಬಿಟ್ಟರೆ ಒಬ್ಬರಿಗೆ ಉತ್ತರ ಬಾಕಿ ಇದ್ದಂತೆ. ಸುದ್ದಿ ಹಾಗಲ್ಲ. ಅದು ಓಣಿಯಲ್ಲಿ ಹೋಗುವ ಮೆರವಣಿಗೆ. ನೀವು ನೋಡಿದರೂ ಹೋಗುತ್ತದೆ, ನೋಡದಿದ್ದರೂ ಹೋಗುತ್ತದೆ. ಆರ್‌ಎಸ್‌ಎಸ್ ಎಂಬ ಫೀಡ್ ತಂತ್ರವನ್ನು ಬೆಳೆಸಿದವರಲ್ಲಿ ಒಬ್ಬರಾದ ಡೇವ್ ವೈನರ್ ಇದನ್ನು ಬಹಳ ಹಿಂದೆಯೇ ವಾದಿಸಿದ್ದರು. ಸುದ್ದಿ ಹೊಳೆಯ ಹಾಗೆ ಹರಿಯಲಿ, ಟಪಾಲಿನ ಹಾಗೆ ಲೆಕ್ಕ ಇಡಬೇಡಿ ಎಂಬುದು ಅವರ ನಿಲುವು.

ಗೂಗಲ್ ರೀಡರ್ ಬಳಸಿದವರಿಗೆ '1000+' ಎಂಬ ಗುರುತು ನೆನಪಿರುತ್ತದೆ. ಸಾವಿರ ದಾಟಿದ ಮೇಲೆ ಎಣಿಸುವುದನ್ನೇ ಅದು ಬಿಟ್ಟುಬಿಡುತ್ತಿತ್ತು. ಒಂದು ವಾರ ಊರಿಗೆ ಹೋಗಿ ಬಂದರೆ ಸಾಕು. ಮದುವೆ ಊಟದಲ್ಲಿ ಬಡಿಸಿದ್ದೆಲ್ಲ ಎಲೆಯಲ್ಲಿ ಹಾಗೇ ಇದ್ದಾಗ ಅಜ್ಜಿ ಹಿಂದೆ ಬಂದು ನಿಂತ ಹಾಗೆ ಅನ್ನಿಸುತ್ತಿತ್ತು. ತಿನ್ನಲು ಆಗದು, ಮಡಚಲು ಧೈರ್ಯವಿಲ್ಲ. ಕೊನೆಗೆ 'ಎಲ್ಲ ಓದಿಯಾಯ್ತು' ಎಂಬ ಬಟನ್ ಒತ್ತಿ ಸುಳ್ಳು ಹೇಳುವುದು. ಆ ಬಟನ್ ಒತ್ತದ ಫೀಡ್ ಓದುಗರು ಯಾರಾದರೂ ಇದ್ದಾರಾ?

ಹೊಸ ರೀಡರ್ ಆ ಸುಳ್ಳು ಹೇಳುವ ಕಷ್ಟವನ್ನೇ ತೆಗೆದಿದೆ. ಅದು ನಿಜಕ್ಕೂ ಹಗುರ. ಮೆಟ್ರೊದಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್. ಹೆಬ್ಬೆರಳು ಮೇಲೆ ಕೆಳಗೆ ಆಡಿದರೆ ಸಾಕು, 'ಓದಿದ್ದು' ಅಂತ ಗುರುತು ಹಾಕಲು ಅಡ್ಡ ಸ್ವೈಪ್ ಮಾಡಬೇಕಿಲ್ಲ. ಯೂಟ್ಯೂಬ್, ಮಾಸ್ಟೊಡಾನ್ ಎಲ್ಲ ಒಂದೇ ಕಡೆ ಸುರಿದ ಮೇಲೆ '2,316 ಓದಿಲ್ಲ' ಎಂಬ ಅಂಕಿಗೆ ಅರ್ಥವೂ ಇರುವುದಿಲ್ಲ. ಇಲ್ಲಿಯವರೆಗೆ ನಾನು ವಿನ್ಯಾಸಕರ ಪರ.

ಆದರೆ ಚಿಕ್ಕಪ್ಪನ ಪಟ್ಟಿ ನೋಡಿದೆ. ಸುಮಾರು ನಲವತ್ತು ಫೀಡು. ಅದರಲ್ಲಿ ಎರಡು ಸುದ್ದಿತಾಣ ಸೇರಿ ದಿನಕ್ಕೆ ನೂರಕ್ಕೂ ಜಾಸ್ತಿ ಸುದ್ದಿ ಹಾಕುತ್ತವೆ. ಉಳಿದ ಬಹುಪಾಲು ಬ್ಲಾಗುಗಳು. ಕನ್ನಡದಲ್ಲಿ ಬ್ಲಾಗಿನ ಭರಾಟೆ ಇದ್ದ ಕಾಲದವು. ಈಗ ಕೆಲವು ತಿಂಗಳಿಗೊಮ್ಮೆ, ಕೆಲವು ವರ್ಷಕ್ಕೆರಡು ಸಲ ಮಾತಾಡುತ್ತವೆ. ಅದರಲ್ಲೊಂದು ಹಳೆಯ ಮೇಷ್ಟ್ರೊಬ್ಬರದು. ಮಳೆಗಾಲದಲ್ಲೊಂದು, ಬೇಸಿಗೆಯಲ್ಲೊಂದು ಬರೆಯುತ್ತಾರೆ. ಚಿಕ್ಕಪ್ಪ ಅದನ್ನು ಎರಡು ಸಲ ಓದುತ್ತಾರೆ.

ಹಳೆಯ ಆ್ಯಪಿನಲ್ಲಿ ಸುದ್ದಿತಾಣದ ಮುಂದೆ 847 ಅಂತ ಇದ್ದರೂ ಅವರು ಕಣ್ಣೆತ್ತಿ ನೋಡುತ್ತಿರಲಿಲ್ಲ. ಮೇಷ್ಟ್ರ ಬ್ಲಾಗಿನ ಮುಂದೆ 1 ಬಂದ ದಿನ ಕಾಫಿ ಬಿಟ್ಟು ಓದುತ್ತಿದ್ದರು. ಎರಡೂ ಅಂಕಿಯೇ. ಆದರೆ 847 ಹೇಳುವುದು 'ನಿನ್ನ ಕೈಲಾಗದು' ಅಂತ. 1 ಹೇಳುವುದು 'ಬಾಗಿಲಲ್ಲಿ ಯಾರೋ ಬಂದಿದ್ದಾರೆ' ಅಂತ. ಮೊದಲನೆಯ ಹಿಂಸೆ ತಪ್ಪಿಸಲು ಹೋಗಿ ಎರಡನೆಯ ಕರೆಗಂಟೆಯನ್ನೂ ಕಿತ್ತರು.

ಹೊಸ ಟೈಮ್‌ಲೈನಿನಲ್ಲಿ ಇದು ಹೇಗೆ ಕಾಣುತ್ತದೆ ಎಂದು ನೋಡಲು ನಾನು ಒಂದು ದಿನದ ಸಾಲನ್ನು ಕೆಳಗಿನಿಂದ ಮೇಲಕ್ಕೆ ಎಳೆದೆ. ಇಂದಿನ ರಾಶಿ ಭವಿಷ್ಯ. ಅಡಿಕೆ ಧಾರಣೆ. ಚಿನ್ನದ ದರ. ಯಾವುದೋ ಸಿನಿಮಾದ ಟೀಸರ್. ಕ್ರಿಕೆಟ್. ಕ್ರಿಕೆಟ್. ಗದ್ದೆಯಂಚಿನ ಒಂದು ಮರದ ಬಗ್ಗೆ ಬ್ಲಾಗಿನ ಬರಹ. ಮತ್ತೆ ಚಿನ್ನದ ದರ, ಈ ಸಲ 'ಏರಿಕೆ' ಎಂದು. ಆ ಮರದ ಬರಹಕ್ಕೂ ಚಿನ್ನದ ದರಕ್ಕೂ ಪರದೆಯಲ್ಲಿ ಸಿಕ್ಕಿದ್ದು ಅಷ್ಟೇ ಜಾಗ. ನನ್ನ ಬೆರಳು ಅದನ್ನು ದಾಟಿ ಹೋಗಿತ್ತು. ಹುಡುಕುತ್ತಿದ್ದ ನನಗೇ ಹೀಗಾದರೆ?

'ಫೋಲ್ಡರ್ ಮಾಡಿ' ಎನ್ನಬಹುದು. ಫೋಲ್ಡರ್ ಇದೆ, ಬ್ಲಾಗುಗಳನ್ನೆಲ್ಲ ಒಂದರಲ್ಲಿ ಹಾಕಿ ಅದನ್ನು ಮಾತ್ರ ತೆರೆದು ನೋಡಬಹುದು. ಮಾಡಿಯೂ ಕೊಟ್ಟೆ. ಆದರೆ ಆ ಫೋಲ್ಡರಿಗೆ ಹೋಗಬೇಕು ಎಂದು ನೆನಪಿಡಬೇಕಾದವರು ಈಗ ಚಿಕ್ಕಪ್ಪ. ವರ್ಷಕ್ಕೆರಡು ಸಲ ಬರುವವರಿಗಾಗಿ ದಿನಾ ಬಾಗಿಲು ತೆರೆದು ನೋಡುತ್ತಾ ಕೂರುವ ಕೆಲಸ. ಫೀಡ್ ಎಂಬುದು ಹುಟ್ಟಿದ್ದೇ ಆ ಕೆಲಸ ತಪ್ಪಿಸಲಿಕ್ಕೆ ಅಲ್ವಾ?

ಲೆಕ್ಕಕ್ಕೆ ಇನ್ನೊಂದು ಉಪಯೋಗವಿದೆ ಎಂಬುದು ಪಕ್ಕಪಕ್ಕ ಇಟ್ಟು ನೋಡುವವರೆಗೆ ನನಗೂ ಹೊಳೆದಿರಲಿಲ್ಲ. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುವ ತಾಣದ ಮೂಲ ಸೆಟ್ಟಿಂಗ್ ಬದಲಿಸದಿದ್ದರೆ ಅದರ ಫೀಡಿನಲ್ಲಿ ಇರುವುದು ಕೊನೆಯ 10 ಬರಹ ಮಾತ್ರ. ಗೂಗಲ್‌ನ ಬ್ಲಾಗ್ ಸೇವೆ ಬ್ಲಾಗರ್‌ನಲ್ಲಿ 25. ವರ್ಷಕ್ಕೆರಡು ಬರೆಯುವವರ ಬ್ಲಾಗರ್ ಫೀಡಿನಲ್ಲಿ ಹನ್ನೆರಡು ವರ್ಷದ ಬರಹ ಕೂತಿರುತ್ತದೆ. ಹಗಲೆಲ್ಲ ಸೇರಿ ಎಪ್ಪತ್ತು ಸುದ್ದಿ ಹಾಕುವ ತಾಣದ 10 ಎಂದರೆ ಸುಮಾರು ಎರಡು ಗಂಟೆ. ಅಷ್ಟರೊಳಗೆ ನಿಮ್ಮ ಆ್ಯಪ್ ಹೋಗಿ ತರದಿದ್ದರೆ ಉಳಿದದ್ದು ಕೈತಪ್ಪಿತು.

ಫೀಡ್‌ಬಿನ್ ಥರದ ಸೇವೆಗಳ ಸರ್ವರ್ ಹಗಲು ರಾತ್ರಿ ತಾನೇ ಹೋಗಿ ತಂದಿಡುತ್ತದೆ, ನಿಮ್ಮ ಫೋನ್ ಮಲಗಿದ್ದರೂ ನಷ್ಟವಿಲ್ಲ. ಬರೀ ಐಕ್ಲೌಡ್ ನೆಚ್ಚಿದಾಗ ಫೀಡ್ ತರುವ ಕೂಲಿ ಸಾಧನದ್ದೇ. ಹಿನ್ನೆಲೆಯಲ್ಲಿ ಯಾವ ಆ್ಯಪ್ ಯಾವಾಗ ಏಳಬೇಕು ಎಂಬುದನ್ನು ಐಒಎಸ್ ನಿರ್ಧರಿಸುತ್ತದೆ. ಬ್ಯಾಟರಿ ಉಳಿಸುವ ಲೋ ಪವರ್ ಮೋಡ್ ಹಾಕಿದರೆ ಹಿನ್ನೆಲೆ ರಿಫ್ರೆಶ್ ನಿಂತೇ ಹೋಗುತ್ತದೆ. ಸಾಗರದ ಮಳೆಗಾಲದಲ್ಲಿ ಕರೆಂಟು ಕೈಕೊಟ್ಟಾಗ ಎಲ್ಲರೂ ಮಾಡುವುದು ಅದನ್ನೇ.

ಹೊರಗಿನ ಸೇವೆ ಬಿಟ್ಟಿದ್ದರಿಂದ ಲಾಭವೂ ಇದೆ. ಇನ್ನೊಂದು ಖಾತೆ ಬೇಡ, ಪಾಸ್‌ವರ್ಡ್ ಬೇಡ, ನಾನು ಏನು ಓದುತ್ತೇನೆ ಎಂಬುದು ಮೂರನೆಯವರಿಗೆ ತಿಳಿಯುವುದಿಲ್ಲ. ಚಿಕ್ಕಪ್ಪನಂಥವರಿಗೆ ಆ್ಯಪ್ ಹಾಕಿಕೊಡುವಾಗ ಪಾಸ್‌ವರ್ಡ್ ಒಂದು ಕಡಿಮೆಯಾದರೆ ನನಗೆ ಅರ್ಧ ಗಂಟೆ ಉಳಿಯುತ್ತದೆ. ಆದರೆ ಕೈತಪ್ಪಿದ್ದು ಎಷ್ಟು ಎಂಬುದು ಲೆಕ್ಕವಿಲ್ಲದ ಟೈಮ್‌ಲೈನಿನಲ್ಲಿ ಗೊತ್ತೇ ಆಗುವುದಿಲ್ಲ. ಹಳೆಯದರಲ್ಲಿ ದಿನಾ 70 ಇರುತ್ತಿದ್ದ ಕಡೆ 12 ಕಂಡರೆ 'ಏನೋ ಆಗಿದೆ' ಅಂತಲಾದರೂ ಅನುಮಾನ ಬರುತ್ತಿತ್ತು. ಚಿಕ್ಕಪ್ಪನ ಲೆಜರ್ ಬುದ್ಧಿ ಇಲ್ಲಿ ನನ್ನ ಹೊಸ ಬುದ್ಧಿಗಿಂತ ಚುರುಕಾಗಿತ್ತು ಎಂದು ಒಪ್ಪಲೇಬೇಕು.

ಆಮೇಲೆ ಚಿಕ್ಕಮ್ಮನ ವಿಷಯ. ನಮ್ಮ ಮನೆಗಳಲ್ಲಿ ಐಪ್ಯಾಡ್ ಎಂದರೆ ಒಬ್ಬರದಲ್ಲ. ಚಾವಡಿಯ ಟೀಪಾಯಿಯ ಮೇಲೆ ಬಿದ್ದಿರುತ್ತದೆ, ಬಿಡುವಾದವರು ಎತ್ತಿಕೊಳ್ಳುತ್ತಾರೆ. ಆಪಲ್ ಅದನ್ನು ಮಾಡಿದ್ದು ಮಾತ್ರ ಒಬ್ಬರಿಗೆಂದೇ. ಮನೆಬಳಕೆಯ ಐಪ್ಯಾಡಿನಲ್ಲಿ ಗಂಡನಿಗೊಂದು ಹೆಂಡತಿಗೊಂದು ಲಾಗಿನ್ ಇಲ್ಲ. ಚಿಕ್ಕಮ್ಮ ಮಧ್ಯಾಹ್ನ ಎರಡು ಅಡುಗೆ ಚಾನೆಲ್ ನೋಡಲು ಇದೇ ಆ್ಯಪ್ ತೆರೆಯಲು ಶುರುಮಾಡಿದರು. ಹಳೆಯ ಬಗೆಯಲ್ಲಿ ಅವರು ಮುಟ್ಟಿದ್ದಕ್ಕೆ ಮಾತ್ರ 'ಓದಿದ್ದು' ಎಂಬ ಗುರುತು ಬೀಳುತ್ತದೆ. ಹೊಸದರಲ್ಲಿ ಇರುವುದು ಒಂದೇ ಓಲೆ, ಪುಸ್ತಕದ ನಡುವೆ ಇಟ್ಟ ಗುರುತಿನ ಓಲೆಯ ಹಾಗೆ. ಅವರು ಮೇಲಕ್ಕೆ ಎಳೆದುಕೊಂಡು ಹೋದರೆ ಚಿಕ್ಕಪ್ಪ ನಿಲ್ಲಿಸಿದ ಜಾಗ ಹೋಯಿತು. ಬರೀ ಐಪ್ಯಾಡಿನಲ್ಲಿ ಅಲ್ಲ, ಅದೇ ಖಾತೆಯ ಅವರ ಫೋನಿನಲ್ಲೂ. ಜಾಗ ನೆನಪಿಡುವ ಯೋಚನೆ ಚೆನ್ನಾಗಿದೆ, ಆದರೆ ಅದರ ಹಿಂದೆ ಒಂದು ಊಹೆಯಿದೆ. ಓದುವವರು ಒಬ್ಬರೇ, ಒಂದೇ ಕಡೆಯಿಂದ, ಸಾಲಾಗಿ ಓದುತ್ತಾರೆ ಎಂಬ ಊಹೆ. ಒಬ್ಬರೇ ಇದ್ದರೂ 'ಮೊದಲು ಹೊಸದು ಏನಿದೆ ನೋಡೋಣ, ಆಮೇಲೆ ಹಿಂದಕ್ಕೆ ಬರೋಣ' ಎಂದು ಹಾರುವವರಿಗೆ ಇದು ಒಗ್ಗುವುದಿಲ್ಲ.

ಕನ್ನಡ ಓದುವವರಿಗೆ ಇದರ ಜೊತೆ ಪರದೆಯ ಅಳತೆಯೂ ಸೇರಿಕೊಳ್ಳುತ್ತದೆ. 'ಮುಖ್ಯಮಂತ್ರಿಯವರೊಂದಿಗಿನ' ಎಂಬ ಒಂದೇ ಪದ ಫೋನಿನ ಸಾಲಿನ ಅರ್ಧಕ್ಕೂ ಜಾಸ್ತಿ ಹಿಡಿಯುತ್ತದೆ. ಎರಡು ಸಾಲಿಗೆ ಕತ್ತರಿಸುವ ಪಟ್ಟಿಯಲ್ಲಿ ನಮ್ಮ ಶೀರ್ಷಿಕೆಗೆ ಕ್ರಿಯಾಪದ ಬರುವ ಮೊದಲೇ ಮೂರು ಚುಕ್ಕಿ ಬಿದ್ದಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ. ಹಾಗಾಗಿ ಏನೋ ಆಗಿದೆ ಎಂದು ತಿಳಿಯುತ್ತದೆ, ಏನಾಗಿದೆ ಎಂಬುದು ತಿಳಿಯುವುದಿಲ್ಲ. ಸಾಲುಗಳ ನಡುವಿನ ಜಾಗ ಬಿಗಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಚಿಕ್ಕಪ್ಪ ಅಕ್ಷರ ದೊಡ್ಡದು ಮಾಡಿಕೊಂಡು ಓದುವವರು. ಆಗ ಒಂದು ಪರದೆಗೆ ಮೂರೋ ನಾಲ್ಕೋ ಬರಹ ಹಿಡಿಯುತ್ತದೆ. ಟೈಮ್‌ಲೈನ್ ಅಷ್ಟಕ್ಕಷ್ಟು ಉದ್ದವಾಗುತ್ತದೆ. ಮೇಷ್ಟ್ರ ಬರಹ ತಲುಪಲು ಅವರು ನನಗಿಂತ ಎರಡು ಪಟ್ಟು ಉಜ್ಜಬೇಕು. ಪಟ್ಟಿಯಲ್ಲಿ ಬರೀ ಹೆಸರು ಮತ್ತು ಅಂಕಿ ಇದ್ದಾಗ ಈ ತೊಂದರೆಯೇ ಇರಲಿಲ್ಲ.

ಚಂದಾ ವಿಷಯ ಬೇಗ ಮುಗಿಸುತ್ತೇನೆ. ವರ್ಷಕ್ಕೆ 10 ಡಾಲರ್ ದುಬಾರಿಯಲ್ಲ. ಒಬ್ಬರೇ ನಡೆಸುವ ಆ್ಯಪ್ ಹತ್ತು ಹದಿನೈದು ವರ್ಷ ಉಳಿಯಬೇಕಾದರೆ ಯಾವುದಾದರೂ ದಾರಿಯಲ್ಲಿ ದುಡ್ಡು ಬರಬೇಕು. ಆದರೆ ಭಾರತದಲ್ಲಿ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ 2021ರ ಅಕ್ಟೋಬರಿನಿಂದ ಆರ್‌ಬಿಐ ನಿಯಮ ಬಿಗಿಯಾಯಿತು. 2022ರಲ್ಲಿ ಆಪಲ್ ಇಲ್ಲಿನ ಕಾರ್ಡುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಯುಪಿಐ, ನೆಟ್ ಬ್ಯಾಂಕಿಂಗ್, ಇಲ್ಲವೇ ಮೊದಲೇ ತುಂಬಿಟ್ಟ ಬ್ಯಾಲೆನ್ಸ್ ಬಳಸಬೇಕಾಯಿತು. ಒಂದು ಸಲ ಕೊಂಡು ಮರೆತುಬಿಡುವ ಸುಖ ಕ್ಲಾಸಿಕ್‌ನಲ್ಲಿ ಮಾತ್ರ.

ಒಂದರಿಂದ ಇನ್ನೊಂದಕ್ಕೆ ಫೀಡ್ ಪಟ್ಟಿ ಸಾಗಿಸುವುದು ಒಂದು ನಿಮಿಷದ ಕೆಲಸ. ಒಪಿಎಂಎಲ್ ಎಂಬ ಕಡತ ತೆಗೆದು ಈ ಕಡೆ ಹಾಕಿದರೆ ಆಯಿತು. ಆದರೆ ಒಪಿಎಂಎಲ್‌ನಲ್ಲಿ ಹೋಗುವುದು ವಿಳಾಸ ಮತ್ತು ಫೋಲ್ಡರ್ ಮಾತ್ರ. ಯಾವುದನ್ನು ಓದಿದ್ದೀರಿ, ಯಾವುದಕ್ಕೆ ನಕ್ಷತ್ರ ಹಾಕಿಟ್ಟಿದ್ದೀರಿ ಎಂಬುದು ಹೋಗುವುದಿಲ್ಲ. ಚಿಕ್ಕಪ್ಪನ ನಕ್ಷತ್ರಗಳೆಲ್ಲ ಹಳೆಯ ಮನೆಯಲ್ಲೇ ಉಳಿದವು. ಅದನ್ನು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು.

ಕೊನೆಗೆ ಏನು ಮಾಡಿದೆವು ಎಂದರೆ, ಹೊಸದರಲ್ಲಿ ಬ್ಲಾಗುಗಳನ್ನು ತೆಗೆದೆವು. ಸುದ್ದಿತಾಣ, ಯೂಟ್ಯೂಬ್, ಪಾಡ್‌ಕಾಸ್ಟ್ ಅಲ್ಲಿ. ಹರಿಯುವುದು ಹರಿಯಲಿ. ಕ್ಲಾಸಿಕ್‌ನಿಂದ ಸುದ್ದಿತಾಣ ತೆಗೆದೆವು. ಅಲ್ಲಿ ಈಗ ಮೂವತ್ತು ಚಿಲ್ಲರೆ ಬ್ಲಾಗು, ಹೆಚ್ಚಿನವುಗಳ ಮುಂದೆ ಏನೂ ಇಲ್ಲ. ಅಂಕಿ ಕಂಡರೆ ಅದು ಒಂದೋ ಎರಡೋ. ಕೆಲಸದ ಭಾಷೆಯಲ್ಲಿ ಇದು ಸೋಲು, ಒಂದು ಕೆಲಸಕ್ಕೆ ಎರಡು ಆ್ಯಪ್. ನನ್ನ ಕೈಲಿದ್ದರೆ ಹೊಸದರಲ್ಲೇ ಒಂದು ಸೆಟ್ಟಿಂಗ್ ಇಡುತ್ತಿದ್ದೆ. ವಾರಕ್ಕೆ ಒಂದೆರಡಕ್ಕಿಂತ ಕಡಿಮೆ ಬರೆಯುವ ಫೀಡಿಗೆ ಮಾತ್ರ ಲೆಕ್ಕ ತೋರಿಸು, ಉಳಿದದ್ದಕ್ಕೆ ಬೇಡ. ಯಾವ ಫೀಡ್ ಎಷ್ಟು ಬರೆಯುತ್ತದೆ ಎಂಬುದು ಆ್ಯಪಿಗೆ ಹೇಗೂ ಗೊತ್ತು.

ಡಿಸೆಂಬರಿನಲ್ಲಿ ಮತ್ತೆ ಹೋದಾಗ ಐಪ್ಯಾಡ್ ಚಿಕ್ಕಮ್ಮನ ಕೈಯಲ್ಲಿತ್ತು. ಹೊಸ ರೀಡರಿನಲ್ಲಿ ಯಾರೋ ಹಲಸಿನಬೀಜದ ಸಾರು ಮಾಡುತ್ತಿದ್ದರು. "ನಿಮಗೆ ನಂಬರ್ ಇಲ್ಲದೆ ಕಷ್ಟ ಆಗಲ್ವಾ ಚಿಕ್ಕಮ್ಮ?" ಎಂದು ಕೇಳಿದೆ.

"ಯಾವ ನಂಬರ್?" ಎಂದರು.